ಎಷ್ಟು ಹೊಲಿಗೆ ಬಿದ್ದವು?

ಬಾಣಂತಿಯನ್ನು ನೋಡಲು ಬಂದ ಹೆಂಗಸರು ಮೊದಲು ಮಗುವಿನ ಮುಖ ನೋಡುತ್ತಾರೆ. ಆಮೇಲೆ ‘ನಾರ್ಮಲ್ಲಾ, ಸಿಸೇರಿಯನ್ನಾ?’ ಎಂದು ಕೇಳುತ್ತಾರೆ. ನಾರ್ಮಲ್ ಅಂದರೆ ಇನ್ನೊಂದು ಪ್ರಶ್ನೆ ದನಿ ತಗ್ಗಿಸಿಕೊಂಡು ಬರುತ್ತದೆ: ‘ಎಷ್ಟು ಹೊಲಿಗೆ ಬಿದ್ದವು?’ ಒಂದು ಮಗ್ಗುಲಿಗೆ ವಾಲಿ ಕೂರುವುದು, ಮೂತ್ರಕ್ಕೆ ಹೋದರೆ ಉರಿಯುವುದು, ಕೆಮ್ಮಲೂ ಅಂಜುವುದು ಇವೆಲ್ಲ ಚೊಚ್ಚಲ ಬಾಣಂತನಕ್ಕೆ ಅಂಟಿಕೊಂಡೇ ಬಂದವು ಎಂದು ನಮ್ಮ ಮನೆಗಳು ಒಪ್ಪಿಕೊಂಡುಬಿಟ್ಟಿವೆ. ಆ ಹೊಲಿಗೆ ಬಿದ್ದದ್ದು ತಾನಾಗಿ ಹರಿದ ಗಾಯಕ್ಕೋ, ಕತ್ತರಿಯಲ್ಲಿ ಕೊಯ್ದ ಗಾಯಕ್ಕೋ ಎಂದು ಕೇಳುವವರು ಕಡಿಮೆ.

ಹೆರಿಗೆಯ ಹೊತ್ತಿನಲ್ಲಿ ಹೀಗೆ ಕೊಯ್ಯುವುದಕ್ಕೆ ಎಪಿಸಿಯಾಟಮಿ ಎಂದು ಹೆಸರು. ಅಪರೂಪದ ಉಪಾಯವಾಗಿ ಹುಟ್ಟಿದ ಈ ಕೊಯ್ತ, ಚೊಚ್ಚಲ ತಾಯಂದಿರಿಗೆಲ್ಲ ಬೇಕೇಬೇಕೆಂಬ ರೂಢಿಯಾಗಿ ಬೆಳೆದದ್ದು ಹೇಗೆ?

ಎರಡು ಬೆರಳಗಲದ ಜಾಗ

ಯೋನಿದ್ವಾರಕ್ಕೂ ಗುದದ್ವಾರಕ್ಕೂ ನಡುವಿನ ಜಾಗವನ್ನು ವೈದ್ಯರು ಪೆರಿನಿಯಂ ಎನ್ನುತ್ತಾರೆ. ಉದ್ದ ಮೂರು–ನಾಲ್ಕು ಸೆಂಟಿಮೀಟರ್ ಅಷ್ಟೆ. ಸುತ್ತಲ ಸ್ನಾಯುಗಳು ಬಂದು ಸೇರುವ ಗಂಟೊಂದು ಅದರೊಳಗಿದೆ. ಅದರ ಹಿಂದೆಯೇ ಮಲ ಮತ್ತು ವಾಯುವನ್ನು ಹಿಡಿದಿಡುವ ಸ್ನಾಯುವಿನ ಬಳೆ ಇದೆ.

ಮಗುವಿನ ತಲೆ ಚೆನ್ನಾಗಿ ಬಾಗಿಕೊಂಡು ಬಂದರೂ ಸುಮಾರು 9.5 ಸೆಂಟಿಮೀಟರ್ ಅಗಲ ಬೇಕು. ಆ ದಾರಿ ಬಿಡಲು ಸೊಂಟದ ತಳದ ಸ್ನಾಯುವಿನ ಒಂದು ಭಾಗ ತನ್ನ ಉದ್ದದ ಮೂರು ಪಟ್ಟಿಗಿಂತಲೂ ಹೆಚ್ಚು ಹಿಗ್ಗಬೇಕಾಗುತ್ತದೆ ಎಂದು ಅಮೆರಿಕದ ಮಿಷಿಗನ್ ಸಂಶೋಧಕರು 2004ರಲ್ಲಿ ಕಂಪ್ಯೂಟರ್ ಮಾದರಿಯಿಂದ ಲೆಕ್ಕ ಹಾಕಿದರು. ಚೊಚ್ಚಲ ಹೆರಿಗೆಯಲ್ಲಿ ಈ ಸ್ನಾಯುಗಳು ಹೀಗೆ ಹಿಗ್ಗುವುದು ಅದೇ ಮೊದಲು. ಹಾಗಾಗಿ ಅವಕ್ಕೆ ಹೊತ್ತು ಬೇಕು. ಗರ್ಭಕೋಶದ ಬಾಯಿ ಪೂರ್ತಿ ತೆರೆದ ಮೇಲೆ ಮಗು ಹುಟ್ಟಲು ಚೊಚ್ಚಲಿಗೆ ಸಾಮಾನ್ಯವಾಗಿ ಮೂರು ಗಂಟೆಯವರೆಗೂ ಹಿಡಿಯಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ.

ಹಿಗ್ಗುವಾಗ ಕೆಲವರಿಗೆ ಹರಿಯುತ್ತದೆ. ಚರ್ಮ ಮಾತ್ರ ಹರಿದರೆ ಅದು ಮೊದಲ ದರ್ಜೆ, ಸ್ನಾಯುವೂ ಹರಿದರೆ ಎರಡನೆಯದು. ಗುದದ ಬಳೆಗೆ ತಲುಪಿದರೆ ಮೂರನೆಯದು, ಬಳೆಯನ್ನೂ ದಾಟಿ ಗುದನಾಳದ ಒಳಪೊರೆ ಹರಿದರೆ ನಾಲ್ಕನೆಯದು. ಎಪಿಸಿಯಾಟಮಿಯಲ್ಲಿ ಕತ್ತರಿ ಚರ್ಮವನ್ನೂ ಸ್ನಾಯುವನ್ನೂ ಒಟ್ಟಿಗೇ ಕೊಯ್ಯುತ್ತದೆ. ಅಂದರೆ ಹರಿಯದೇ ಉಳಿಯಬಹುದಾಗಿದ್ದ ಹೆಂಗಸಿಗೂ ಎರಡನೆಯ ದರ್ಜೆಯ ಗಾಯವನ್ನು ನಾವೇ ಮಾಡುತ್ತೇವೆ.

ಡಬ್ಲಿನ್‌ನಿಂದ ಷಿಕಾಗೊಗೆ

1742ರಲ್ಲಿ ಐರ್ಲೆಂಡಿನ ಡಬ್ಲಿನ್ ನಗರದ ವೈದ್ಯ ಫೀಲ್ಡಿಂಗ್ ಔಲ್ಡ್ ಹೆರಿಗೆಶಾಸ್ತ್ರದ ಬಗ್ಗೆ ಒಂದು ಪುಸ್ತಕ ಬರೆದರು. ಈ ಕೊಯ್ತವನ್ನು ಮೊದಲು ವಿವರಿಸಿದವರು ಅವರೇ ಎನ್ನಲಾಗುತ್ತದೆ. ಹೊರದಾರಿ ತೀರಾ ಬಿಗಿಯಾಗಿ ಹೆರಿಗೆ ಅಪಾಯಕ್ಕೆ ಮುಟ್ಟಿದಾಗ, ಬಾಗಿದ ಕತ್ತರಿಯ ಒಂದು ಅಲಗನ್ನು ಮಗುವಿನ ತಲೆಯ ಪಕ್ಕಕ್ಕೆ ಜಾರಿಸಿ ಕೊಯ್ಯಬಹುದು ಎಂದರು. ಅದು ಕಷ್ಟಕಾಲದ ಉಪಾಯವಾಗಿತ್ತು. ಅರಿವಳಿಕೆಯಿಲ್ಲದ, ಕೈ ತೊಳೆಯುವ ಅಭ್ಯಾಸವೂ ಬೇರೂರದ ಆ ಕಾಲದಲ್ಲಿ ಕೊಯ್ದ ಗಾಯ ನಂಜಾದರೆ ಬಾಣಂತಿಯ ಜೀವವೇ ಹೋಗುತ್ತಿತ್ತು.

ಎಪಿಸಿಯಾಟಮಿ ಎಂಬ ಹೆಸರನ್ನು 1857ರಲ್ಲಿ ಕೊಟ್ಟವರು ವಿಯೆನ್ನಾದ ಕಾರ್ಲ್ ಬ್ರಾನ್. ಹೆಸರಿಟ್ಟ ಅವರೇ ಅದನ್ನು ಅನಗತ್ಯವೆಂದು ತಳ್ಳಿಹಾಕಿದ್ದರು.

ಗಾಳಿ ತಿರುಗಿದ್ದು ಅಮೆರಿಕದಲ್ಲಿ. ಚೊಚ್ಚಲ ತಾಯಂದಿರೆಲ್ಲರಿಗೂ ಕೊಯ್ದು ಮರಳಿ ಹೊಲಿಯಬೇಕೇ ಎಂಬ ಪ್ರಶ್ನೆಯನ್ನೇ ಶೀರ್ಷಿಕೆ ಮಾಡಿಕೊಂಡು ರಾಲ್ಫ್ ಪೊಮೆರಾಯ್ 1918ರಲ್ಲಿ ಒಂದು ಪ್ರಬಂಧ ಬರೆದರು. ಎರಡು ವರ್ಷದ ನಂತರ ಷಿಕಾಗೊದ ಜೋಸೆಫ್ ಡಿಲೀ ಇನ್ನೂ ಮುಂದೆ ಹೋದರು. ತಾಯಿಗೆ ಮಂಪರು ಬರಿಸಿ, ಪೆರಿನಿಯಂ ಕೊಯ್ದು, ಇಕ್ಕಳದಿಂದ ಮಗುವನ್ನು ತೆಗೆದು, ಹೊಲಿಗೆ ಹಾಕುವುದನ್ನೇ ಒಂದು ಪದ್ಧತಿಯಾಗಿ ಮುಂದಿಟ್ಟರು. ಹೆರಿಗೆಯೇ ತಾಯಿಯ ಮೈಗೆ ಗಾಯ ಮಾಡುವ ರೋಗದಂಥ ಕ್ರಿಯೆ ಎಂಬುದು ಅವರ ವಾದ. ಡಿಲೀ ಹೃದಯವಿಲ್ಲದ ವೈದ್ಯರೇನಲ್ಲ. ಷಿಕಾಗೊದ ಬಡ ವಲಸಿಗರಿಗಾಗಿ 1895ರಲ್ಲೇ ಹೆರಿಗೆ ಚಿಕಿತ್ಸಾಲಯ ತೆರೆದವರು. ಗರ್ಭಕೋಶ ಜಾರಿ ನರಳುವ ಹೆಂಗಸರನ್ನು ಕಂಡಿದ್ದ ಅವರಿಗೆ, ಮೊದಲೇ ಕೊಯ್ದರೆ ಮುಂದಿನ ಕಷ್ಟ ತಪ್ಪುತ್ತದೆ ಎನಿಸಿತ್ತು. ಆ ನಂಬಿಕೆಯನ್ನು ಆಗ ಯಾರೂ ಪರೀಕ್ಷೆಗೆ ಒಡ್ಡಲಿಲ್ಲ.

ಅದೇ ಹೊತ್ತಿಗೆ ಹೆರಿಗೆಗಳು ಮನೆಯಿಂದ ಆಸ್ಪತ್ರೆಗೆ ಬಂದವು. ಅಮೆರಿಕದಲ್ಲಿ 1940ರಲ್ಲಿ ಶೇಕಡಾ 44ರಷ್ಟು ಹೆರಿಗೆಗಳು ಆಸ್ಪತ್ರೆಯ ಹೊರಗೆ ಆಗುತ್ತಿದ್ದವು, 1969ಕ್ಕೆ ಅದು ಶೇಕಡಾ 1ಕ್ಕೆ ಇಳಿಯಿತು. ಮಂಚದ ಮೇಲೆ ಅಂಗಾತ ಮಲಗಿಸಿ, ಕಾಲು ಎತ್ತಿ ಕಟ್ಟಿ ಹೆರಿಗೆ ಮಾಡಿಸುವಲ್ಲಿ ಕತ್ತರಿಗೆ ಅನುಕೂಲವೇ ಹೆಚ್ಚು. ಪಠ್ಯಪುಸ್ತಕಗಳಿಂದ ರೂಢಿ ನಮ್ಮ ವೈದ್ಯಕೀಯ ಕಾಲೇಜುಗಳಿಗೂ ಬಂತು. ‘ಪ್ರೈಮಿ’ (ಚೊಚ್ಚಲು) ಅಂದರೆ ‘ಎಪಿ’ (ಎಪಿಸಿಯಾಟಮಿ) ಎಂದು ಎಳೆಯ ವೈದ್ಯರು ಕಲಿತರು.

ಸೂಲಗಿತ್ತಿ ಕೇಳಿದ ಪುರಾವೆ

ಪುರಾವೆ ಕೇಳುವ ಕಾಲ ಬಂದದ್ದು ತಡವಾಗಿ. 1983ರಲ್ಲಿ ಅಮೆರಿಕದ ಥ್ಯಾಕರ್ ಮತ್ತು ಬ್ಯಾಂಟಾ 1860ರಿಂದ 1980ರವರೆಗಿನ ಇಂಗ್ಲಿಷ್ ವೈದ್ಯಸಾಹಿತ್ಯವನ್ನೆಲ್ಲ ಜಾಲಾಡಿದರು. ಕೊಯ್ತದ ಲಾಭಕ್ಕೆ ಗಟ್ಟಿ ಆಧಾರ ಸಿಗಲಿಲ್ಲ. ಮರುವರ್ಷ ಇಂಗ್ಲೆಂಡಿನ ರೆಡಿಂಗ್ ಊರಿನಿಂದ ಒಂದು ಪ್ರಯೋಗದ ಫಲಿತಾಂಶ ಬಂತು. ಅದರ ಮುಂದಾಳು ವೈದ್ಯರಾಗಿರಲಿಲ್ಲ. ತರಬೇತಾದ ಸೂಲಗಿತ್ತಿ, ಜೆನಿಫರ್ ಸ್ಲೀಪ್. ಸಾವಿರ ತಾಯಂದಿರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದರಲ್ಲಿ ಕತ್ತರಿಯನ್ನು ಆದಷ್ಟು ದೂರವಿಟ್ಟರು, ಇನ್ನೊಂದರಲ್ಲಿ ಹರಿಯದಂತೆ ತಡೆಯಲು ಧಾರಾಳವಾಗಿ ಬಳಸಿದರು. ಕೊಯ್ತದ ಪ್ರಮಾಣ ಮೊದಲ ಗುಂಪಿನಲ್ಲಿ ಶೇಕಡಾ 10, ಎರಡನೆಯದರಲ್ಲಿ 51. ಹತ್ತನೆಯ ದಿನದ ನೋವಿನಲ್ಲಾಗಲಿ, ಮೂರು ತಿಂಗಳ ನಂತರ ಮೂತ್ರ ಸೋರುವುದರಲ್ಲಾಗಲಿ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ.

1993ರಲ್ಲಿ ಅರ್ಜೆಂಟೀನಾದ ಎಂಟು ಹೆರಿಗೆ ಆಸ್ಪತ್ರೆಗಳಲ್ಲಿ 2606 ಮಹಿಳೆಯರ ಮೇಲೆ ನಡೆದ ಅಧ್ಯಯನ ಹೊರಬಂತು. ಎಲ್ಲರೂ ಮೊದಲ ಅಥವಾ ಎರಡನೆಯ ಹೆರಿಗೆಯವರು. ರೂಢಿಯಂತೆ ಕೊಯ್ದ ಗುಂಪಿನಲ್ಲಿ ಸುಮಾರು ಶೇಕಡಾ 83 ಜನರಿಗೆ ಕತ್ತರಿ ತಾಗಿತ್ತು, ಬೇಕಾದಾಗ ಮಾತ್ರ ಕೊಯ್ದ ಗುಂಪಿನಲ್ಲಿ 30. ತೀವ್ರ ಗಾಯಗಳು ಮೊದಲ ಗುಂಪಿನಲ್ಲಿ ಶೇಕಡಾ 1.5, ಎರಡನೆಯದರಲ್ಲಿ 1.2. ಮುಂಭಾಗದ ಸಣ್ಣ ಹರಿದ ಗಾಯಗಳು ಎರಡನೆಯ ಗುಂಪಿನಲ್ಲಿ ಹೆಚ್ಚಿದ್ದವು ನಿಜ. ಆದರೆ ಕತ್ತರಿ ದೊಡ್ಡ ಗಾಯವನ್ನು ತಡೆಯುತ್ತದೆ ಎಂಬ ಮಾತು ನಿಲ್ಲಲಿಲ್ಲ. ಗುದದ್ವಾರದತ್ತ ನೇರವಾಗಿ ಕೊಯ್ದರಂತೂ ಅಪಾಯವೇ ಹೆಚ್ಚು ಎಂದು ಕೆನಡಾದ ಮಾಂಟ್ರಿಯಲ್‌ನ ಪ್ರಯೋಗ ತೋರಿಸಿತು. ಸೀರೆಯ ಅಂಚು ಗಟ್ಟಿಯಿರುವ ತನಕ ಎಳೆದರೂ ತಡೆಯುತ್ತದೆ. ಅಂಚಿಗೆ ಕತ್ತರಿ ತಾಗಿಸಿದರೆ ಅಲ್ಲಿಂದಲೇ ಪರ್‍ರನೆ ಹರಿಯುತ್ತದೆ.

ಅಮೆರಿಕದ ಪ್ರಸೂತಿ ತಜ್ಞರ ಸಂಘ 2006ರಲ್ಲಿ ಈ ಕೊಯ್ತಕ್ಕೆ ಮಿತಿ ಹಾಕಲು ಹೇಳಿತು. ಸಹಜ ಹೆರಿಗೆಯಲ್ಲಿ ಇದನ್ನು ರೂಢಿಯಾಗಿ ಅಥವಾ ಧಾರಾಳವಾಗಿ ಮಾಡಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಸ್ಪಷ್ಟವಾಗಿ ಶಿಫಾರಸು ಮಾಡಿತು.

ನಮ್ಮ ಹೆರಿಗೆ ಕೋಣೆಗಳಲ್ಲಿ

‘ನಮ್ಮ ಹೆಂಗಸರ ಮೈಕಟ್ಟು ಚಿಕ್ಕದು, ಪೆರಿನಿಯಂ ಗಿಡ್ಡ, ಕೊಯ್ಯದಿದ್ದರೆ ಹರಿದುಹೋಗುತ್ತದೆ’ ಎಂಬ ಮಾತು ಇಲ್ಲಿ ಈಗಲೂ ಕೇಳುತ್ತದೆ. ಬ್ರಿಟನ್ನಿನಲ್ಲಿ ಸಾವಿರ ಮಹಿಳೆಯರಿಗೆ ಹೆರಿಗೆಯ ಆರಂಭದಲ್ಲಿ ಅಳತೆ ತೆಗೆದಾಗ ಸರಾಸರಿ 3.7 ಸೆಂಟಿಮೀಟರ್ ಬಂತು. ಬಿಳಿಯರಿಗೂ ಏಷ್ಯಾ ಮೂಲದವರಿಗೂ ಗಣನೀಯ ವ್ಯತ್ಯಾಸವಿರಲಿಲ್ಲ. ಪಾಶ್ಚಾತ್ಯ ದೇಶಗಳಲ್ಲಿ ನೆಲೆಸಿದ ಏಷ್ಯಾದ ಮಹಿಳೆಯರಲ್ಲಿ ತೀವ್ರ ಗಾಯ ಹೆಚ್ಚೆಂದು ಅಲ್ಲಿನ ಅಂಕಿಅಂಶ ಹೇಳುವುದುಂಟು. ಹಾಗೆಂದು ಚೊಚ್ಚಲು ಎಂಬ ಒಂದೇ ಕಾರಣಕ್ಕೆ ಎಲ್ಲರಿಗೂ ಕತ್ತರಿ ಹಾಕುವುದು ಸರಿಯಾಗುವುದಿಲ್ಲ. ಪ್ರತಿ ಹೆಂಗಸನ್ನೂ ನೋಡಿಯೇ ತೀರ್ಮಾನಿಸಬೇಕು.

ಕತ್ತರಿ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಮಗುವಿನ ಎದೆಬಡಿತ ಕುಸಿಯುತ್ತಿದ್ದರೆ ಒಂದೊಂದು ನಿಮಿಷವೂ ಮುಖ್ಯ. ಚೊಚ್ಚಲಿನಲ್ಲಿ ಇಕ್ಕಳ ಹಾಕಿ ಮಗುವನ್ನು ತೆಗೆಯುವಾಗ, ಭುಜ ಸಿಕ್ಕಿಕೊಂಡು ವೈದ್ಯರ ಕೈ ಒಳಗೆ ಹೋಗಲು ಜಾಗ ಬೇಕಾದಾಗ ಕೊಯ್ಯಬೇಕಾಗಬಹುದು. ಆಗಲೂ ಮರಗಟ್ಟುವ ಚುಚ್ಚುಮದ್ದು ಕೊಟ್ಟು, ಓರೆಯಾಗಿ, ಸುಮಾರು 60 ಡಿಗ್ರಿ ಕೋನದಲ್ಲಿ ಕೊಯ್ಯಬೇಕು. ಪೆರಿನಿಯಂ ಉಬ್ಬಿರುವಾಗ ಕಡಿಮೆ ಓರೆಯಲ್ಲಿ ಕೊಯ್ದರೆ, ಮಗು ಹುಟ್ಟಿ ಚರ್ಮ ಕುಗ್ಗಿದ ಮೇಲೆ ಗಾಯ ಗುದದ ಬಳೆಯ ಪಕ್ಕಕ್ಕೇ ಬಂದು ನಿಲ್ಲುತ್ತದೆ.

ಉಳಿದವರಿಗೆ ಉಪಾಯಗಳು ಸರಳ. ತಲೆ ಹೊರಬರುವಾಗ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಪೆರಿನಿಯಂಗೆ ಒತ್ತಿ ಹಿಡಿದರೆ ತೀವ್ರ ಗಾಯಗಳು ಕಡಿಮೆಯಾಗುತ್ತವೆ ಎಂಬುದಕ್ಕೆ ಆಧಾರವಿದೆ. ಕೊನೆಯ ತಿಂಗಳುಗಳಲ್ಲಿ ಮನೆಯಲ್ಲೇ ಮಾಡಿಕೊಳ್ಳುವ ಪೆರಿನಿಯಂ ಮಸಾಜ್ ಚೊಚ್ಚಲ ತಾಯಂದಿರಲ್ಲಿ ಕತ್ತರಿಯ ಅಗತ್ಯವನ್ನು ತಗ್ಗಿಸುತ್ತದೆ. ಅಂಗಾತ ಮಲಗುವ ಬದಲು ಕುಳಿತೋ, ನಿಂತೋ, ಕುಕ್ಕರುಗಾಲಿನಲ್ಲೋ ಹೆರುವವರಿಗೂ ಕೊಯ್ತ ಕಡಿಮೆ. ‘ಮುಕ್ಕು, ಮುಕ್ಕು’ ಎಂದು ಕೂಗುವ ಕೋಣೆಯಲ್ಲಿ ತಲೆಯನ್ನು ನಿಧಾನವಾಗಿ ಬರಗೊಡುವ ತಾಳ್ಮೆಯೂ ಬೇಕು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಶೇಕಡಾ 97ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲೇ ಆಗುತ್ತಿವೆ. ತಾಯಿ–ಮಗುವಿನ ಜೀವ ಉಳಿಸುವ ಹಾದಿಯಲ್ಲಿ ಇದು ದೊಡ್ಡ ಗೆಲುವು. ಇಷ್ಟೊಂದು ತಾಯಂದಿರು ನಂಬಿ ಬರುವ ಕೋಣೆಯಲ್ಲಿ ಕತ್ತರಿ ಎತ್ತುವ ಮೊದಲು ‘ಅಮ್ಮಾ, ಇಂಥ ಕಾರಣಕ್ಕೆ ಕೊಯ್ಯಬೇಕಾಗಿದೆ, ಆಗಬಹುದೇ?’ ಎಂಬ ಒಂದು ಮಾತನ್ನು ಅವಳಿಗೆ ಹೇಳುವುದು ದುಬಾರಿಯಲ್ಲ.

ನಿಮ್ಮ ಮನೆಯಲ್ಲಿ ಚೊಚ್ಚಲ ಬಸುರಿ ಇದ್ದರೆ, ಎಂಟನೆಯ ತಿಂಗಳ ತಪಾಸಣೆಗೆ ತಾಯಿ ಕಾರ್ಡ್ ಹಿಡಿದು ಹೋದಾಗಲೇ ವೈದ್ಯರನ್ನು ಕೇಳಿ: ಇಲ್ಲಿ ಎಲ್ಲರಿಗೂ ಕೊಯ್ಯುತ್ತೀರಾ, ಬೇಕಾದವರಿಗೆ ಮಾತ್ರವೇ? ಬಾಣಂತಿಯ ಮಂಚದ ಬಳಿ ಹೊಲಿಗೆ ಎಣಿಸುವುದಕ್ಕಿಂತ ಆ ಪ್ರಶ್ನೆಯನ್ನು ಮೊದಲೇ ಕೇಳುವುದು ಲೇಸು.