ಊರ ಹೊಲವೂ ಊರ ಶಾಲೆಯೂ

ಜೂನ್ ತಿಂಗಳು ಬಂದಿತೆಂದರೆ ನಮ್ಮ ಭಾಗದ ಒಕ್ಕಲುತನದ ಮನೆಗಳಲ್ಲಿ ಎರಡು ಖರ್ಚುಗಳು ಒಮ್ಮೆಲೇ ತಲೆಯೆತ್ತುವವು. ಮೃಗಶಿರಾ ಮಳೆ ಬಿದ್ದೊಡನೆ ಹೆಸರು ಬಿತ್ತಬೇಕು. ಅದಕ್ಕೆ ಬೀಜ ಬೇಕು, ಗೊಬ್ಬರ ಬೇಕು, ಕೂರಿಗೆ ಹೊಡೆಯುವ ಆಳು ಬೇಕು. ಅದೇ ಹೊತ್ತಿಗೆ ಶಾಲೆಯ ಬಾಗಿಲು ತೆರೆಯುವದು. ಅಂಗಿ, ಪುಸ್ತಕ, ಫೀ ಎಂದು ಮಕ್ಕಳು ತಂದೆಯ ಮೋರೆ ನೋಡುವರು. ಹಿಂಗಾರಿ ಜೋಳ ಕಡಲೆಗಳಿಂದ ಬಂದ ಹಣವು ಬೇಸಿಗೆಯ ಮದುವೆ ಜಾತ್ರೆಗಳಲ್ಲಿ ಕರಗಿರುವದು; ಹೆಸರು ಒಕ್ಕಿ ಮತ್ತೆ ಕೈಗೆ ಹಣ ಬರಬೇಕಾದರೆ ಶ್ರಾವಣ ಕಳೆಯಬೇಕು. ಧಾರವಾಡ ತಾಲೂಕಿನ ಉಪ್ಪಿನಬೆಟಗೇರಿಯಂಥ ಎರೆಭೂಮಿಯ ಊರುಗಳನ್ನು ಬಲ್ಲವರಿಗೆ ಈ ಇಕ್ಕಟ್ಟನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ. ಬೀಜ ಮತ್ತು ಪುಸ್ತಕಗಳಲ್ಲಿ ಒಂದನ್ನು ಬಿಡಬೇಕಾಗಿ ಬಂದರೆ ಯಾವದು ಉಳಿಯುವದೆಂಬುದೂ ಎಲ್ಲರಿಗೂ ಗೊತ್ತು. ಹೊಲ ಬಿತ್ತದೆ ಬಿಟ್ಟವರನ್ನು ನಾವು ಕಂಡಿಲ್ಲ.

ಇದಕ್ಕೆ ನಮ್ಮ ಹಿರಿಯರು ಒಂದು ಉಪಾಯವನ್ನು ಮಾಡಿಕೊಂಡಿದ್ದರು. ಗುಡಿಗೊಂದು ಹೊಲ, ಮಠಕ್ಕೊಂದು ಹೊಲ, ಕೆರೆಯ ಕೆಲಸಕ್ಕೊಂದು ಹೊಲವೆಂದು ತೆಗೆದಿಡುವದು. ಸುಗ್ಗಿಯ ಕಣದಲ್ಲಿ ಬಡಿಗ ಕಮ್ಮಾರರಿಗೆ ಆಯ ಅಳೆಯುವಂತೆ ಗಾವಠಿ ಶಾಲೆಯ ಐಗಳಿಗೂ ಕಾಳು ಅಳೆಯುವದು. ಅಕ್ಷರ ಕಲಿಸಿದವನಿಗೆ ರೊಕ್ಕ ಕೊಡುವದು ಆಗ ಅನೇಕರಿಗೆ ಸಾಧ್ಯವಿರಲಿಲ್ಲ. ಕಾಳು ಕೊಡುವದು ಸಾಧ್ಯವಿದ್ದಿತು. ಆ ಏರ್ಪಾಡಿನಲ್ಲಿ ದೋಷಗಳಿರಲಿಲ್ಲವೆಂದಲ್ಲ. ಎಷ್ಟೋ ಜಾತಿಯ ಮಕ್ಕಳು ಆ ಐಗಳ ಜಗಲಿಯನ್ನು ಏರುವಂತಿರಲಿಲ್ಲ. ಹೆಣ್ಣುಮಕ್ಕಳ ಮಾತಂತೂ ದೂರವೇ. ಆದರೂ ಹೊಲದ ಕಾಳು ವಿದ್ಯೆಗೆ ಸಲ್ಲಬಹುದೆಂಬ ಎಣಿಕೆ ನಮ್ಮಲ್ಲಿ ಹೊಸದಲ್ಲ.

ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದವರು ಶಿರಸಂಗಿಯ ಲಿಂಗರಾಜ ದೇಸಾಯಿಯವರು. ಸನ್ ೧೮೬೧ರಲ್ಲಿ ಶಿಗ್ಲಿಯಲ್ಲಿ ಹುಟ್ಟಿ, ದತ್ತಕರಾಗಿ ಶಿರಸಂಗಿ ಸಂಸ್ಥಾನಕ್ಕೆ ಬಂದ ಇವರು, ೧೯೦೪ರಲ್ಲಿ ಧಾರವಾಡದಲ್ಲಿ ಸೇರಿದ ಮೊದಲನೆಯ ವೀರಶೈವ ಮಹಾಸಭೆಯ ಅಧ್ಯಕ್ಷರಾಗಿದ್ದರು. ೧೯೦೬ರಲ್ಲಿ ತೀರಿಕೊಳ್ಳುವ ಮುನ್ನ ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆಂದು ಬರೆದಿಟ್ಟರು. ಜನರು ಅವರನ್ನು ತ್ಯಾಗವೀರನೆಂದು ಕರೆದದ್ದು ಸುಮ್ಮನೆ ಅಲ್ಲ. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ನಡೆಯಿಸಿದ ಪ್ರಸಾದನಿಲಯವೂ ಇದೇ ಬಗೆಯದು. ಹಳ್ಳಿಯಿಂದ ಓದಲು ಬಂದ ಬಡ ಹುಡುಗನಿಗೆ ಊಟವನ್ನಿಟ್ಟದ್ದು ಸುತ್ತಣ ಹಳ್ಳಿಗಳ ಜೋಳವೇ.

ಆದರೆ ಗೇಣಿಗೆ ಕೊಟ್ಟ ಹೊಲದಿಂದ ಶಾಲೆಯನ್ನು ಸಾಕುವ ದಾರಿ ಈಗ ಮುಚ್ಚಿದೆ. ಈ ಮಾತನ್ನು ದಾನಿಗಳು ಮೊದಲೇ ತಿಳಿದಿರಬೇಕು. ೧೯೭೪ರ ಮಾರ್ಚ್ ೧ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಲಾವಣಿಯ ಭೂಮಿಗಳು ಉಳುವವನ ಕಡೆಗೆ ಹೋದವು. ಅದು ನ್ಯಾಯವೇ ಸರಿ. ಬೆವರು ಒಬ್ಬನದು, ಪುಣ್ಯ ಇನ್ನೊಬ್ಬನದು ಎಂಬ ಪದ್ಧತಿ ಎಷ್ಟು ಕಾಲ ನಡೆದೀತು? ಆದುದರಿಂದ ಶಾಲೆಗೆಂದು ಹೊಲ ಮಾಡಬಯಸುವ ಊರವರು ಅದನ್ನು ತಾವೇ ಉಳಬೇಕು. ಕಾಯಿದೆಯಿಂದ ಹುಟ್ಟಿದ ಈ ತೊಡಕು ನಮ್ಮ ಅಭಿಪ್ರಾಯದಲ್ಲಿ ಒಂದು ಉಪಕಾರವೇ ಆಗಿದೆ. ಗೇಣಿಯ ಹೊಲವು ಶಾಲೆಗೆ ಹಣವನ್ನು ಮಾತ್ರ ಕೊಡುತ್ತಿತ್ತು. ಊರೇ ಉಳುವ ಹೊಲವು ಹಣದ ಕೂಡ ಕೆಲಸವನ್ನೂ, ಬೀಜವನ್ನೂ, ಕಲಿಕೆಯನ್ನೂ ಕೊಡಬಲ್ಲದು.

ಇದಕ್ಕೆ ಸಮೀಪದ ನಿದರ್ಶನ ಹಾವೇರಿ ಜಿಲ್ಲೆಯಲ್ಲಿದೆ. ವರದಾ ನದಿಯ ದಂಡೆಯ ಹೊಸರಿತ್ತಿಯಲ್ಲಿ ೧೯೮೪ರಲ್ಲಿ ಗಾಂಧಿ ಗ್ರಾಮೀಣ ಗುರುಕುಲವು ಸುರುವಾಯಿತು. ಆ ಊರಿನವರೇ ಆದ ಸ್ವಾತಂತ್ರ್ಯಯೋಧ ಗುದ್ಲೆಪ್ಪ ಹಳ್ಳಿಕೇರಿಯವರು (೧೯೦೬–೧೯೭೨) ಕಂಡ ಕನಸು ಅದು. ಅವರ ಕಾಲಾನಂತರ ಕೈಗೂಡಿತು. ಇಲ್ಲಿ ಮಕ್ಕಳು ಗುರುಕುಲದಲ್ಲಿಯೇ ಇದ್ದು ಸರಕಾರದ ಪಠ್ಯವನ್ನು ಓದುವರು. ಅದರೊಡನೆ ಹೊಲದಲ್ಲಿ ದುಡಿಯುವರು, ದನಗಳನ್ನು ನೋಡಿಕೊಳ್ಳುವರು, ನೂಲುವರು, ತಮ್ಮ ಅಂಗಳವನ್ನು ತಾವೇ ಗುಡಿಸುವರು. ತಾವು ನೀರು ಕಟ್ಟಿದ ಮಡಿಯ ಕಾಯಿಪಲ್ಲೆ ತಮ್ಮದೇ ತಟ್ಟೆಗೆ ಬಂದಾಗ ಹುಡುಗನಿಗೆ ಆಗುವ ಹಿಗ್ಗನ್ನು ಯಾವ ಪಠ್ಯಪುಸ್ತಕವೂ ಕೊಡಲಾರದು.

ಗಾಂಧೀಜಿಯವರು ೧೯೩೭ರಲ್ಲಿ ವರ್ಧಾದ ಪರಿಷತ್ತಿನ ಮುಂದಿಟ್ಟ ಮೂಲಶಿಕ್ಷಣದ ವಿಚಾರವೇ ಇದರ ಬೇರು. ಅದಕ್ಕೂ ಮೊದಲೇ ರವೀಂದ್ರರು ೧೯೨೨ರಲ್ಲಿ ಶ್ರೀನಿಕೇತನವನ್ನು ಕಟ್ಟಿ, ವಿದ್ಯಾಲಯವು ನೆರೆಯ ಹಳ್ಳಿಗಳ ಒಕ್ಕಲುತನಕ್ಕೆ ನೆರವಾಗಬೇಕೆಂದು ತೋರಿಸಿದ್ದರು. ದೂರದ ಅಮೇರಿಕೆಯ ಸಂಗತಿಯೊಂದನ್ನು ಇಲ್ಲಿ ಹೇಳದೆ ಇರಲಾರೆವು. ಗುಲಾಮಗಿರಿಯಿಂದ ಬಿಡುಗಡೆಯಾದ ಕರಿಯ ಜನರ ಮಕ್ಕಳಿಗಾಗಿ ಬೂಕರ್ ವಾಷಿಂಗ್ಟನ್ನರು ೧೮೮೧ರಲ್ಲಿ ಟಸ್ಕೀಗಿಯಲ್ಲಿ ಶಾಲೆ ತೆಗೆದರು. ಹಳೆಯ ತೋಟದ ನೆಲವೊಂದನ್ನು ಕೊಂಡು, ವಿದ್ಯಾರ್ಥಿಗಳಿಂದಲೇ ಇಟ್ಟಂಗಿ ಸುಡಿಸಿ, ಅವರಿಂದಲೇ ಕಟ್ಟಡ ಕಟ್ಟಿಸಿ, ಹೊಲವನ್ನು ಮಾಡಿಸಿದರು. ೧೮೯೬ರಲ್ಲಿ ಅಲ್ಲಿಗೆ ಬಂದ ಕಾರ್ವರ್ ಎಂಬ ಪಂಡಿತರು, ಹತ್ತಿಯಿಂದ ಸವೆದ ನೆಲಕ್ಕೆ ಶೇಂಗಾ ಅಲಸಂದಿಗಳಿಂದ ಕಸುವು ತುಂಬುವ ಬಗೆಯನ್ನು ಕಲಿಸಿದರು. ೧೯೦೬ರಲ್ಲಿ ಒಂದು ಬಂಡಿಯಲ್ಲಿ ಉಪಕರಣಗಳನ್ನು ಹೇರಿ, ಶಾಲೆಯನ್ನೇ ರೈತರ ಹೊಲದ ಬದುವಿಗೆ ಒಯ್ದರು. ಹತ್ತಿಯ ನಾಡಿನವರಾದ ನಮಗೆ ಆ ಬಂಡಿಯ ಕಥೆ ಪರಕೀಯವೆನಿಸುವದಿಲ್ಲ.

ಇನ್ನು ಲೆಕ್ಕಕ್ಕೆ ಬರುವ. ಒಳ್ಳೆಯ ಹಿಂಗಾರಿಯಲ್ಲಿ ಎರೆಹೊಲದ ಎಕರೆಗೆ ಐದು ಚೀಲ ಜೋಳ ಬಂದಿತೆನ್ನೋಣ. ಚೀಲವೆಂದರೆ ನೂರು ಕಿಲೋ. ವಸತಿಯಲ್ಲಿದ್ದು ಓದುವ ವಿದ್ಯಾರ್ಥಿಗೆ ದಿನಕ್ಕೆ ೪೦೦ ಗ್ರಾಮು ಹಿಟ್ಟು ಹಿಡಿದರೆ, ೨೫೦ ದಿನಗಳಿಗೆ ಸರಿಯಾಗಿ ಒಂದು ಚೀಲ. ಬೀಜ, ಕೂಲಿ, ಬಾಡಿಗೆಗಳಿಗೆ ಎರಡು ಚೀಲ ಕಳೆದರೂ ಒಂದು ಎಕರೆಯಿಂದ ಮೂವರ ವರ್ಷದ ರೊಟ್ಟಿ ಹೊರಡುವದು. ಮುಂಗಾರಿಯಲ್ಲಿ ಅದೇ ನೆಲದಲ್ಲಿ ಹೆಸರು ಬೆಳೆದಿದ್ದರೆ ಅದು ಬೇರೆ. ಕಣಿಕೆಯ ಬೆಲೆ ಮತ್ತೂ ಬೇರೆ. ಬಿಸಿಯೂಟವಿರುವಾಗ ಇದೇಕೆಂದು ಕೇಳುವವರಿದ್ದಾರೆ. ನಮ್ಮ ರಾಜ್ಯದ ಅಕ್ಷರದಾಸೋಹವು ಹತ್ತನೆಯ ಇಯತ್ತೆಗೆ ಮುಗಿಯುವದು. ಹಳ್ಳಿಯ ಮಕ್ಕಳು ಓದು ಬಿಡುವದು ಅನೇಕ ವೇಳೆ ಅಲ್ಲಿಂದಲೇ. ೨೦೨೩ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನ ಪ್ರಯಾಣ ಉಚಿತವಾಗಿದೆ, ನಿಜ. ಆದರೆ ಬಸ್ಸು ಹತ್ತಿ ಧಾರವಾಡಕ್ಕೆ ಹೋದವಳಿಗೆ ಪುಸ್ತಕ ಬೇಕು, ಫೀ ಬೇಕು, ಮಧ್ಯಾಹ್ನದ ತುತ್ತು ಬೇಕು. ಊರ ಹೊಲದ ಮೊದಲ ಹಕ್ಕು ಇಂಥ ಮಗಳಿಗೆ ಸಲ್ಲಬೇಕೆಂದು ನಾವು ಹೇಳುವೆವು.

ಊರಿನ ಹಣಕಾಸಿನ ಮಾತು ಇದಕ್ಕಿಂತ ಬೇರೆಯಲ್ಲ. ಜೂನ್ ತಿಂಗಳ ಸಾಲವೇ ರೈತನನ್ನು ಸಾಹುಕಾರನ ಬಾಗಿಲಿಗೆ ಎಳೆಯುವದೆಂಬುದನ್ನು ಗದಗಿನ ಸಮೀಪದ ಕಣಗಿನಹಾಳದ ಸಿದ್ದನಗೌಡ ಪಾಟೀಲರು ಮೊದಲೇ ಮನಗಂಡಿದ್ದರು. ೧೯೦೪ರ ಕಾಯಿದೆ ಬಂದ ಮರುವರ್ಷವೇ ಅವರು ಒಕ್ಕಲಿಗರ ಪತ್ತಿನ ಸಹಕಾರಿ ಸಂಘವನ್ನು ಕಟ್ಟಿದರು. ದೇಶದಲ್ಲಿ ಅಂಥದು ಅದೇ ಮೊದಲನೆಯದು. ಊರ ಹೊಲದ ಕಾಳು ಉಗ್ರಾಣದಲ್ಲಿದ್ದರೆ ಅದೂ ಒಂದು ಪತ್ತು. ಬಿತ್ತುವಾಗ ಬೀಜವನ್ನು ಕೊಟ್ಟು ಸುಗ್ಗಿಯಲ್ಲಿ ಸವಾಯಿ ಸೇರಿಸಿ ಮರಳಿ ಪಡೆಯುವ ಪದ್ಧತಿ ನಮ್ಮವರಿಗೆ ಅಪರಿಚಿತವಲ್ಲ. ಕುಂದಗೋಳ ತಾಲೂಕಿನ ತೀರ್ಥ ಗ್ರಾಮದ ಹೆಣ್ಣುಮಕ್ಕಳು ೨೦೧೮ರಲ್ಲಿ ಬೀಬಿ ಫಾತಿಮಾ ಸ್ವಸಹಾಯ ಸಂಘವನ್ನು ಕಟ್ಟಿಕೊಂಡು, ಸಮುದಾಯದ ಬೀಜಬ್ಯಾಂಕು ನಡೆಯಿಸಿ, ಸಾವೆ ನವಣೆಗಳನ್ನು ಹಸನುಮಾಡಿ ಮಾರುವ ಉದ್ಯೋಗವನ್ನು ತೆಗೆದರು. ಅವರಿಗೆ ೨೦೨೫ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂದಿತು. ಪ್ರಶಸ್ತಿಗಿಂತ ನಮಗೆ ಹೆಚ್ಚಿನದಾಗಿ ಕಂಡದ್ದು, ಹಿಂದೆ ಕಾಳಾಗಿಯೇ ಊರು ಬಿಡುತ್ತಿದ್ದ ಬೆಳೆ ಈಗ ಅಲ್ಲಿಯೇ ಅಕ್ಕಿಯಾಗಿ ಹೊರಬೀಳುವದು. ಹಸನು ಮಾಡಿದ ಕೂಲಿ ಊರಲ್ಲಿಯೇ ಉಳಿಯುವದು. ಉಪ್ಪಿನಬೆಟಗೇರಿಯಿರುವ ತಾಲೂಕಿನಲ್ಲಿಯೇ ಇರುವ ಗರಗದ ನೂಲುವ ನೇಯುವ ಕೈಗಳು ರಾಷ್ಟ್ರಧ್ವಜದ ಖಾದಿಗೆ ಹೆಸರಾದದ್ದೂ ಈ ಬಗೆಯ ಲಾಭವಿಲ್ಲದ ಸಂಘದ ಕೆಲಸದಿಂದಲೇ.

ಮುಖ್ಯವಾದ ಆಕ್ಷೇಪವೊಂದಿದೆ. ಮಕ್ಕಳನ್ನು ಹೊಲಕ್ಕೆ ಹಚ್ಚಿದರೆ ಅದು ಕೂಲಿಯಾಗದೆ? ಹತ್ತಿ ಬಿಡಿಸುವ ಕಾಲಕ್ಕೆ ಶಾಲೆಯ ಹಾಜರಿ ಇಳಿಯುವದನ್ನು ಬಲ್ಲ ಮಾಸ್ತರರು ಇದನ್ನು ಕೇಳಿಯೇ ಕೇಳುವರು, ಕೇಳಲೇಬೇಕು. ಉತ್ತರವು ಗಡಿಯಾರದಲ್ಲಿದೆ. ದಿನಕ್ಕೆ ಒಂದು ತಾಸು, ಪಾಠದ ಭಾಗವಾಗಿ, ಮಾಸ್ತರರ ಎದುರಿಗೆ ಮಾಡಿದ್ದು ಕಲಿಕೆ. ಪಾಠವನ್ನು ತಪ್ಪಿಸಿ ಮಾಡಿಸಿದ್ದು ಕೂಲಿ. ಬಿತ್ತುವ, ಎಡೆ ಹೊಡೆಯುವ, ಕೊಯ್ಯುವ ಭಾರದ ಕೆಲಸ ದೊಡ್ಡವರದೇ ಆಗಿರಬೇಕು. ಅದಕ್ಕೆ ಮುಯ್ಯಾಳಿನ ಪದ್ಧತಿ ಇದ್ದೇ ಇದೆ. ಮನೆಗೊಬ್ಬರಂತೆ ಬಂದರೆ ನಾಲ್ಕೆಕರೆಯ ಕಸ ಒಂದು ಹೊತ್ತಿನಲ್ಲಿ ಹೋಗುವದು. ಬರಲಾಗದ ನೌಕರಿಯವರು ಆ ದಿನದ ಕೂಲಿಯನ್ನು ಕಟ್ಟಲಿ. ಕೂಲಿಯಿಂದಲೇ ಬದುಕುವವರನ್ನು ಮಾತ್ರ ಬಿಟ್ಟಿಯಾಗಿ ಕರೆಯಲಾಗದು; ಅವರಿಗೆ ಪೇಟೆಯ ದರದಂತೆ ಅದೇ ಸಂಜೆ ಹಣ ಸಲ್ಲಬೇಕು.

ಎರಡನೆಯ ಭಯ ಲೆಕ್ಕದ್ದು. ಊರೊಟ್ಟಿನ ಕೆಲಸಗಳು ಕೆಡುವದು ಮಳೆಯಿಲ್ಲದೆ ಅಲ್ಲ, ಹೆಚ್ಚಾಗಿ ಸಂಶಯದಿಂದ. ಎಷ್ಟು ಚೀಲ ಬಂದಿತು, ಯಾರಿಗೆ ಹೋಯಿತು, ಎಷ್ಟು ದರಕ್ಕೆ ಮಾರಿತು ಎಂಬುದನ್ನು ಶಾಲೆಯ ಗೋಡೆಯ ಮೇಲೆ ಸುಣ್ಣದ ಅಕ್ಷರಗಳಲ್ಲಿ ಬರೆಯಿಸುವದು ಒಳ್ಳೆಯದು. ಬರೆಯುವವರು ಏಳನೆಯ ಇಯತ್ತೆಯ ಮಕ್ಕಳಾದರೆ ಮತ್ತೂ ಒಳ್ಳೆಯದು. ಚೀಲ, ಕಿಲೋ, ಶೇಕಡಾ ಎಂಬ ಗಣಿತವೆಲ್ಲ ಅಲ್ಲಿಯೇ ಇರುವದು. ತಪ್ಪಿದರೆ ದಾರಿಯಲ್ಲಿ ಹೋಗುವ ಅಜ್ಜನೇ ನಿಂತು ತಿದ್ದುವನು.

ಸುರು ಮಾಡುವವರು ಹತ್ತೆಕರೆಯನ್ನು ಹುಡುಕುತ್ತ ಕೂಡುವದು ಬೇಡ. ಶಾಲೆಯ ಹಿತ್ತಿಲಲ್ಲಿ ಮೆಂತ್ಯ, ಬದನೆ, ನುಗ್ಗೆಗಳ ನಾಲ್ಕು ಮಡಿ ಮೊದಲ ವರ್ಷಕ್ಕೆ ಸಾಕು. ಧಾರವಾಡದ ಕೃಷಿ ವಿಶ್ವವಿದ್ಯಾಲಯವು ಕೈಯಳತೆಯಲ್ಲಿದೆ. ಬೀಜದ, ಮಣ್ಣಿನ ವಿಷಯದಲ್ಲಿ ಅಲ್ಲಿ ಕೇಳಿ ತಿಳಿಯಬಹುದು. ಎರಡನೆಯ ವರ್ಷಕ್ಕೆ, ಮಕ್ಕಳು ಪಟ್ಟಣ ಸೇರಿದ್ದರಿಂದ ಬೀಳುಬಿದ್ದ ಹೊಲದ ಹಿರಿಯರನ್ನು ಕಂಡು ಮಾತನಾಡಬೇಕು. ಕಾಗದಪತ್ರಗಳನ್ನು ಬಲ್ಲ ವಕೀಲರಿಂದ ನೋಡಿಸದೆ ಮಾತ್ರ ಕೂರಿಗೆ ಹೂಡಬಾರದು. ಮೃಗಶಿರಾ ಮಳೆಗೆ ಬಿತ್ತಬೇಕೆಂದಿದ್ದರೆ ಈ ಮಾತುಕತೆಗಳು ಯುಗಾದಿಯೊಳಗೆ ಮುಗಿದಿರಬೇಕು.