ಕಾಲೇಜಲ್ಲಿ ಕಾರು ಕಟ್ತೀನಿ ಅಂತಾನೆ ಮಗ, ದುಡ್ಡು ಕಳಿಸೋದಾ ಬೇಡ್ವಾ?

ಬಿ.ಜಿ. ಕೆರೆ: ಮಕ್ಕಳನ್ನ ದಾವಣಗೆರೆ, ಬೆಂಗಳೂರಿಗೆ ಇಂಜಿನಿಯರಿಂಗ್ ಓದೋಕೆ ಕಳಿಸಿರುವ ಮನೆಗಳಿಗೆ ಒಂದಲ್ಲ ಒಂದು ದಿನ ಈ ಫೋನ್ ಬರಬಹುದು. "ಅಪ್ಪಾ, ಕಾಲೇಜಲ್ಲಿ ರೇಸ್ ಕಾರು ಮಾಡ್ತಿದೀವಿ, ನನ್ನ ಪಾಲಿನ ದುಡ್ಡು ಹಾಕು." ಬೈಯೋಕೆ ಮುಂಚೆ ಇದೇನು ಅಂತ ತಿಳ್ಕೊಳ್ಳಿ.

ಇವು ವಿದ್ಯಾರ್ಥಿಗಳೇ ಡಿಸೈನ್ ಮಾಡಿ, ಕಟ್ಟಿ, ಓಡಿಸುವ ವಾಹನಗಳ ಸ್ಪರ್ಧೆ. ಮುಖ್ಯವಾಗಿ ಎರಡು ಬಗೆ. ಗುಂಡಿ, ಮಣ್ಣು, ದಿಬ್ಬದ ಮೇಲೆ ಓಡುವ ಬಾಹಾ ಗಾಡಿ ಒಂದು. ಇದು 2007ರಲ್ಲಿ ಇಂದೋರ್ ಹತ್ತಿರದ ಪೀಥಂಪುರದಲ್ಲಿ ನಮ್ಮ ದೇಶಕ್ಕೆ ಬಂತು. ಇನ್ನೊಂದು ಟ್ರ್ಯಾಕಿನ ಫಾರ್ಮುಲಾ ಕಾರು. 'ಫಾರ್ಮುಲಾ ಭಾರತ್' ಸ್ಪರ್ಧೆ ಕೊಯಮತ್ತೂರಿನ ಕರಿ ಟ್ರ್ಯಾಕಿನಲ್ಲಿ ನಡೆದಿದೆ. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಆರ್.ವಿ. ಕಾಲೇಜಿನ 'ಅಶ್ವ ರೇಸಿಂಗ್' ತಂಡ 2003ರಿಂದಲೇ ಇದರಲ್ಲಿದೆ.

ರೇಸ್ ಅಂದ ತಕ್ಷಣ ಮೊದಲು ಬಂದವನೇ ಗೆದ್ದ ಅಂದ್ಕೋಬೇಡಿ. ಫಾರ್ಮುಲಾದಲ್ಲಿ ಒಟ್ಟು 1000 ಅಂಕ. ಅದರಲ್ಲಿ 325 ಅಂಕ ಗಾಡಿ ಸ್ಟಾರ್ಟ್ ಮಾಡದೇನೇ ಬರಬೇಕು: ಡಿಸೈನ್‌ಗೆ 150, ಖರ್ಚಿನ ಲೆಕ್ಕಕ್ಕೆ 100, ವ್ಯಾಪಾರದ ಯೋಜನೆ ವಿವರಿಸೋಕೆ 75. ಒಂದೊಂದು ನಟ್ಟು, ಬೋಲ್ಟಿಗೂ ಬೆಲೆ ಬರೆದು, ಈ ಪೈಪ್ ಯಾಕೆ, ಅಗ್ಗದ್ದು ಯಾಕಿಲ್ಲ ಅಂದ್ರೆ ಉತ್ತರ ಹೇಳಬೇಕು. ಅಂಗಡಿ ನಡೆಸೋರಿಗೆ ಇದು ಚೆನ್ನಾಗಿ ಅರ್ಥ ಆಗುತ್ತೆ.

ನಿಯಮ ಬಲು ಬಿಗಿ. ಪೆಟ್ರೋಲ್ ಇಂಜಿನ್ 710 ಸಿಸಿ ದಾಟಬಾರದು, ಅದಕ್ಕೆ ಹೋಗುವ ಗಾಳಿಯೆಲ್ಲ 20 ಮಿ.ಮೀ. ಕಿಂಡಿಯಲ್ಲೇ ನುಗ್ಗಬೇಕು. ಐದು ರೂಪಾಯಿ ನಾಣ್ಯಕ್ಕಿಂತ ಕಿರಿದು! ಬೆಂಕಿ ಬಿದ್ರೆ ಅಂತ, ಡ್ರೈವರ್ 5 ಸೆಕೆಂಡಿನೊಳಗೆ ಹೊರಗೆ ಬಂದು ತೋರಿಸಬೇಕು. ಬ್ರೇಕ್ ಒತ್ತಿದ್ರೆ ನಾಲ್ಕೂ ಚಕ್ರ ಕಚ್ಚಿ ನಿಲ್ಲಬೇಕು. ನಿಲ್ಲಲಿಲ್ವಾ, ಟ್ರ್ಯಾಕಿಗೆ ಬಿಡಲ್ಲ. ವರ್ಷವಿಡೀ ಕಟ್ಟಿದ ಕಾರು ಪಕ್ಕದಲ್ಲೇ ನಿಂತಿರುತ್ತೆ. ಪಾಸಾದವರಿಗೂ ಕೊನೆಗೆ 22 ಕಿ.ಮೀ. ಓಟ ಇದೆ, ಅಲ್ಲಿ ಕೆಟ್ಟು ನಿಲ್ಲುವ ಗಾಡಿಗಳೂ ಉಂಟು.

ಡಿಗ್ರಿ ಅರ್ಧಕ್ಕೆ ಬಿಟ್ಟವನು ನಾನು, ಸಲಹೆ ಕೊಡೋಕೆ ಯಾರು ಅನ್ನಬಹುದು. ಆದ್ರೂ ಹೇಳ್ತೀನಿ: ಪುಸ್ತಕದಲ್ಲಿ ಓದಿದ ವೆಲ್ಡಿಂಗನ್ನ ಕೈಯಾರೆ ಮಾಡೋಕೆ ಇಷ್ಟು ಒಳ್ಳೆ ಅವಕಾಶ ಕಡಿಮೆ. ದುಡ್ಡು ಹಾಕೋಕೆ ಮುಂಚೆ ಮಗನನ್ನೋ ಮಗಳನ್ನೋ ಕೇಳಿ. ವರ್ಕ್‌ಶಾಪ್ ಇದೆಯಾ? ಜೊತೆಗಿರೋ ಮೇಷ್ಟ್ರು ಯಾರು? ಕಾಲೇಜು ಎಷ್ಟು ಕೊಡುತ್ತೆ, ಸ್ಪಾನ್ಸರ್ ಎಷ್ಟು? ಅಟೆಂಡೆನ್ಸ್ ಕಥೆ ಏನು? ಹೇಗೂ ಖರ್ಚಿನ ಪಟ್ಟಿ ಅವರ ಹತ್ರ ಇದ್ದೇ ಇರಬೇಕು, ಅದಕ್ಕೇ 100 ಅಂಕ. ಒಂದು ಪ್ರತಿ ವಾಟ್ಸಾಪಲ್ಲಿ ಕಳಿಸೋಕೆ ಹೇಳಿ.