ನಿಮ್ಮ ಬೇಲಿ, ಪಕ್ಕದವರ ಆನೆ

ಆಲೂರು-ಸಕಲೇಶಪುರದ ಕಾಫಿ ತೋಟ. ಸಾಲ ಮಾಡಿ ಸೋಲಾರ್ ಬೇಲಿ ಹಾಕಿಸ್ತೀರಿ. ಆನೆ ಕಾಡಿಗೆ ಹೋಯ್ತಾ? ಎಲ್ಲಿ! ಪಕ್ಕದವರ ಹಲಸಿನ ಮರಕ್ಕೆ ಹೋಯ್ತು. ಅವರೂ ಬೇಲಿ ಹಾಕಿದ್ರು. ಕೊನೆಗೆ ಹಿಂಡು ಇಳಿಯೋದು ಬೇಲಿಗೆ ದುಡ್ಡಿಲ್ಲದವರ ಭತ್ತದ ಗದ್ದೆಗೆ.

ಒಬ್ಬೊಬ್ಬರ ಲೆಕ್ಕವೂ ಸರಿ, ಊರಿನ ಲೆಕ್ಕ ಮಾತ್ರ ತಪ್ಪು. ಇಂಥದ್ದನ್ನೇ ಬಿಡಿಸಿ ಹೇಳಿದವರು ಹಾರ್ವರ್ಡಿನಲ್ಲಿ ಅರ್ಥಶಾಸ್ತ್ರ ಪ್ರಾಧ್ಯಾಪಕರಾಗಿದ್ದ ಥಾಮಸ್ ಶೆಲ್ಲಿಂಗ್. ಅವರ 1960ರ ಪುಸ್ತಕದಲ್ಲಿ ಅಣ್ವಸ್ತ್ರ ಪೈಪೋಟಿ. 1978ರದ್ದರಲ್ಲಿ ನೆರೆಹೊರೆ, ಟ್ರಾಫಿಕ್ಕು. ಗಣಿತ ಕಮ್ಮಿ, ಜನರ ನಡವಳಿಕೆ ಜಾಸ್ತಿ. ನಮ್ಮಂಥವರಿಗೂ ಅರ್ಥವಾಗೋ ಗೇಮ್ ಥಿಯರಿ, ಅಂದ್ರೆ ಒಬ್ಬರ ನಡೆ ಇನ್ನೊಬ್ಬರ ನಡೆಯನ್ನ ಹೇಗೆ ಬದಲಿಸುತ್ತೆ ಅನ್ನೋ ಶಾಸ್ತ್ರ! 2005ರಲ್ಲಿ ರಾಬರ್ಟ್ ಆಮನ್ ಜೊತೆ ನೊಬೆಲ್ ಬಂತು.

ಅದಕ್ಕೇ ಬೇಲಿ ಹಾಕಿಸೋ ಮುಂಚೆ ಅಕ್ಕಪಕ್ಕದ ತೋಟದವರ ಜೊತೆ ಕೂತು ಮಾತಾಡಿ. ಆನೆ ದಾಟೋಕೆ ದಾರಿ ಎಲ್ಲಿ ಬಿಡೋದು ಅಂತ ಮೊದಲು ತೀರ್ಮಾನ ಮಾಡಿಕೊಳ್ಳಿ.